ನಕಲಿ ಕಾರ್ಡಿಗೆ ಕತ್ತರಿ

ಮೈಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಹಳೆಯ ಕ್ರಿಕೆಟ್ ಕಾರ್ಡುಗಳ ಪ್ರದರ್ಶನವಿತ್ತು. ರವಿಕೆ ಹೊಲಿಯುವ ಅಂಬುಜಾಕ್ಷಿಯೂ ತಮ್ಮದೊಂದು ಕಾರ್ಡು ಹಿಡಿದು ಬಂದಿದ್ದರು. ಚಿಕ್ಕಂದಿನಲ್ಲಿ ಅಣ್ಣ ತಂಗಿ ಇಬ್ಬರೂ ದವಡೆ ನೋಯುವಷ್ಟು ಬಬಲ್ ಗಮ್ ಅಗಿದ ಮೇಲೆ ಪೊಟ್ಟಣದಲ್ಲಿ ಸಿಕ್ಕಿದ್ದ ಕಾರ್ಡು ಅದು.

ಬಾಗಿಲಲ್ಲಿ ಕೂತಿದ್ದ ಪರೀಕ್ಷಕ ದಿವಾಕರಯ್ಯ ಅದನ್ನು ಭೂತಗನ್ನಡಿಯಲ್ಲಿ ನೋಡಿದರು. ಕಣ್ಣು ಅರಳಿತು. ಮರುಕ್ಷಣವೇ ಮುಖ ಗಂಟಿಕ್ಕಿಕೊಂಡರು.

"ಇದು ನಕಲಿ. ನಕಲಿ ಮಾಲು ವಾಪಸ್ ಕೊಡೋ ಹಾಗಿಲ್ಲ. ನಾನೇ ಸುಟ್ಟು ಹಾಕ್ತೀನಿ" ಎಂದು ಕಾರ್ಡನ್ನು ತಮ್ಮ ಚೀಲದತ್ತ ಒಯ್ದರು.

ಅಂಬುಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ತನ್ನೆದುರೇ ತನ್ನ ಕಾರ್ಡು ಕದಿಯುತ್ತಿದ್ದಾನಲ್ಲ ಈ ದೊಡ್ಡ ಮನುಷ್ಯ! ಆದರೆ ಕೂಗಾಡಿದರೆ ಹೊರಗೆ ಕಳಿಸುತ್ತಾರೆಂದು ಗೊತ್ತಿತ್ತು. ಸಿಟ್ಟು ನುಂಗಿಕೊಂಡು ಬ್ಯಾಗಿನಿಂದ ಕತ್ತರಿ ತೆಗೆದರು.

"ನೀವ್ಯಾಕೆ ಸಾರ್ ಬೆಂಕಿ ಹಚ್ಚೋ ಕಷ್ಟ ತಗೋತೀರಿ? ಹಿಡ್ಕೊಂಡಿರಿ, ನಾನೇ ಎರಡು ಚೂರು ಮಾಡ್ತೀನಿ."

ಕತ್ತರಿ ಬಾಯಿ ತೆರೆದು ಹತ್ತಿರ ಬಂತು. ದಿವಾಕರಯ್ಯ ಕಾರ್ಡನ್ನು ಎದೆಗವಚಿಕೊಂಡು ಕಿರುಚಿದರು. "ಅಯ್ಯಯ್ಯೋ, ಬೇಡಮ್ಮಾ! ಒಂದು ಮೂಲೆ ಮುಕ್ಕಾದ್ರೂ ಇದರ ಬೆಲೆ ಬಿದ್ದುಹೋಗುತ್ತೆ!"

"ನಕಲಿಗೆ ಯಾವ ಬೆಲೆ ಸಾರ್?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಂಬುಜಾಕ್ಷಿ ದಿವಾಕರಯ್ಯನವರ ಕೈಯಿಂದ ಕಾರ್ಡನ್ನು ಮೆಲ್ಲಗೆ ಬಿಡಿಸಿಕೊಂಡರು.

ಅಷ್ಟರಲ್ಲಿ ಒಳಗಿನಿಂದ ಮುದುಕರೊಬ್ಬರು ಜನರನ್ನು ತಳ್ಳಿಕೊಂಡು ಮುಂದೆ ಬಂದರು.

"ಬೆಳಿಗ್ಗೆ ನಂದನ್ನೂ ನಕಲಿ ಅಂದಿದ್ರಲ್ಲ ಸ್ವಾಮಿ? ತೆಗೀರಿ ಆ ಚೀಲ!"