ಬೆಟ್ಟಕ್ಕೆ ಕೋಡು ಬಂದದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಬೆಟ್ಟಗಳ ನೆತ್ತಿ ರೊಟ್ಟಿ ಹೆಂಚಿನ ಹಾಗೆ ಚಪ್ಪಟೆ. ಮರಗಳಿಗೆ ಕೊಂಬೆಯೇ ಇರಲಿಲ್ಲ. ಕೋಡು ಅಂತ ಇದ್ದದ್ದು ಎಮ್ಮೆಗೆ ಮಾತ್ರ. ಅದೂ ಎಂಥ ಕೋಡು! ಆಕಾಶಕ್ಕೆ ನೆಟ್ಟಗೆ ಎದ್ದು ನಿಂತ ಕೋಡು.

ಮೋಡಗಳು ಬರುತ್ತಿದ್ದವು, ಚಪ್ಪಟೆ ಬೆಟ್ಟದ ಮೇಲೆ ಜಾರಿಕೊಂಡು ಹೋಗಿಬಿಡುತ್ತಿದ್ದವು. ಒಂದೂ ನಿಂತು ಮಳೆ ಸುರಿಸುತ್ತಿರಲಿಲ್ಲ.

ಆ ಬೆಟ್ಟದ ಬುಡದಲ್ಲಿ ನಿಂಗಕ್ಕ ಎಮ್ಮೆ ಸಾಕಿಕೊಂಡಿದ್ದಳು. ಎಮ್ಮೆಯ ಹೆಸರು ಗೌರಿ. ಗೌರಿಗೊಂದು ಪುಟ್ಟ ಕರು. ಕೆರೆ ಬತ್ತಿ ಕರುವಿನ ನಾಲಿಗೆ ಒಣಗಿತ್ತು. ಒಂದು ಬೆಳಗಿನ ಜಾವ ಅದು ನೀರು ಹುಡುಕಿಕೊಂಡು ಬೆಟ್ಟ ಹತ್ತಿಬಿಟ್ಟಿತು.

ಎದ್ದು ನೋಡಿದರೆ ಕರು ಇಲ್ಲ, ನಿಂಗಕ್ಕ ಹಗ್ಗ ಹಿಡಿದು ಹೊರಟಳು. ಗೌರಿಯನ್ನು ಹೊಡೆದುಕೊಂಡು ತಾನೂ ಹತ್ತಿದಳು. ಓಡಿಹೋಗುವ ಕರುವನ್ನು ತಾಯಿಯ ಕೋಡಿಗೆ ಕಟ್ಟಿ ಕರೆತರುವುದು ಎಮ್ಮೆ ಸಾಕುವವರ ರೂಢಿ. ಮಸುಕು ಬೆಳಕಿನಲ್ಲಿ ಬೂದು ಬಣ್ಣದ ಬೆನ್ನೊಂದು ಸರಿದಾಡಿತು. ನಿಂಗಕ್ಕ ಕುಣಿಕೆ ಎಸೆದಳು, ಹಗ್ಗದ ಇನ್ನೊಂದು ತುದಿಯನ್ನು ಗೌರಿಯ ಕೋಡುಗಳ ತುದಿಗೆ ಬಿಗಿದಳು.

"ಸಿಕ್ಕಿಬಿಟ್ಟೆಯಾ ಕಳ್ಳ!"

"ಅಕ್ಕಾ, ಅದು ನನ್ನ ಕರುವಲ್ಲ. ವಾಸನೆಯೇ ಬೇರೆ," ಎಂದಳು ಗೌರಿ.

ಅದು ಮೋಡ!

ಮೋಡ ಬೆದರಿ ಎಳೆಯಿತು. ಗೌರಿಯ ಕೋಡು ಹಿಂದಕ್ಕೆ ಬಾಗಿತು. ಇನ್ನೂ ಎಳೆಯಿತು, ಇನ್ನೂ ಬಾಗಿತು. ಲಟ್! ಎರಡೂ ತುದಿ ಮುರಿದು ಹಾರಿದವು. ಒಂದು, ಹಗ್ಗದ ಸಮೇತ, ಬೆಟ್ಟದ ನೆತ್ತಿಗೆ ನಾಟಿತು. ಇನ್ನೊಂದು ಪಕ್ಕದಲ್ಲಿದ್ದ ಮರದ ಮೈಗೆ.

"ಅಯ್ಯಯ್ಯೋ, ನನ್ನ ತಲೆ ಮೇಲೆ ಏನಿದು?" ಬೆಟ್ಟ ಕೂಗಿತು.

"ನನ್ನ ಪಕ್ಕೆಯಲ್ಲೂ!" ಮರ ಕೂಗಿತು.

ನೋಡನೋಡುತ್ತಲೇ ಎರಡೂ ತುಂಡು ಬೆಳೆಯತೊಡಗಿದವು, ಒಂದು ಬೆಟ್ಟದ ತುದಿಯಾಗಿ, ಇನ್ನೊಂದು ಮರದ ಕೊಂಬೆಯಾಗಿ. ನಿಂಗಕ್ಕ ಗೌರಿಯ ತಲೆ ನೋಡಿದಳು. ತನ್ನ ಕೈಯಾರೆ ಗೌರಿಯ ಕೋಡು ಮುರಿದಿದ್ದಳು!

"ತಪ್ಪಾಯ್ತು ಕಣೇ ಗೌರಿ! ಈಗಲೇ ಕಿತ್ಕೊಂಡು ಬರ್ತೀನಿ," ಎಂದು ಬೆಟ್ಟದ ನೆತ್ತಿಯ ಕೋಡನ್ನು ಎರಡೂ ಕೈಯಲ್ಲಿ ಹಿಡಿದಳು.

ಅಷ್ಟರಲ್ಲಿ ಹಗ್ಗದಲ್ಲಿ ಸಿಕ್ಕಿಬಿದ್ದ ಮೋಡ ಅಳತೊಡಗಿತು. ಟಪ್, ಟಪ್. ಬಂಡೆಯ ಹಿಂದಿನಿಂದ ಕರು ತೂರಾಡಿಕೊಂಡು ಬಂತು. ಕಲ್ಲಿನ ಮೇಲಿನ ಹನಿಯನ್ನು ನೆಕ್ಕಿತು.

"ಬಿಡಕ್ಕಾ," ಎಂದಳು ಗೌರಿ. "ಅದನ್ನ ಕಿತ್ರೆ ಮೋಡ ಹೊರಟುಹೋಗುತ್ತೆ. ನನ್ನ ಕರು ಕುಡೀಲಿ."

ನಿಂಗಕ್ಕ ಕೈ ಬಿಟ್ಟಳು. ಗೌರಿಯ ಕುತ್ತಿಗೆ ತಬ್ಬಿಕೊಂಡು ಮಳೆಯಲ್ಲೇ ಅತ್ತಳು.

ಅಂದಿನಿಂದ ಹಳಬರು ಎಮ್ಮೆಯ ತಲೆಯದ್ದಕ್ಕೂ ಕೋಡು ಅಂದರು, ಮರದ ಕೊಂಬೆಗೂ ಕೋಡು ಅಂದರು, ಬೆಟ್ಟದ ತುದಿಗೂ ಕೋಡು ಅಂದರು. ಬೆಟ್ಟಗಳ ಹೆಸರಿನಲ್ಲಿ ಆ ಮಾತು ಉಳಿದುಕೊಂಡಿತು. ಎಮ್ಮೆಯ ಕೋಡು ಹಿಂದಕ್ಕೆ ಬಾಗಿದ್ದು ಬಾಗಿದ ಹಾಗೇ ಇದೆ. ಮಳೆ ಬಂದಾಗ ಆಡು, ಕುರಿ, ಹಸು ಎಲ್ಲ ಸೂರು ಹುಡುಕಿ ಓಡಿದರೂ ಎಮ್ಮೆ ಮಾತ್ರ ಇವತ್ತಿಗೂ ಅಲ್ಲಾಡದೆ ನಿಂತಿರುತ್ತದೆ, ಯಾಕಂದರೆ ಅದು ತನ್ನ ಕೋಡು ಕೊಟ್ಟು ತರಿಸಿದ ಮಳೆ.