ಒಡೆಯದ ಮದ್ದಳೆ

“ಅಜ್ಜಾರ, ಈಗೀಗ ಯಾರು ಬೈದರೂ ನನಗೆ ನಾಟುವುದಿಲ್ಲ. ಯಾರು ಅತ್ತರೂ ನನ್ನೊಳಗೆ ಏನೂ ಅಲುಗುವುದಿಲ್ಲ. ವೈರಾಗ್ಯ ಅಂದರೆ ಇದೇ ಏನು?”

ಹೀಗೆ ಕೇಳಿದವನು ಶಿಷ್ಯ ಅಡವಯ್ಯ. ಮಠಕ್ಕೆ ಬಂದ ಹೊಸತರಲ್ಲಿ ಅವನು ಒಮ್ಮೆ ಜನರ ಮುಂದೆ ಪುರಾಣ ಹೇಳಲು ಕೂತು, ನಡುವೆ ಮಾತು ಮರೆತು, ನಗೆಪಾಟಲಾಗಿದ್ದ. ಅಂದಿನಿಂದ ಯಾರಿಗೂ ಮುಖ ಕೊಟ್ಟು ಮಾತಾಡಿದವನಲ್ಲ. ಅವನ ಪ್ರಶ್ನೆಯಲ್ಲಿ ಸಂದೇಹಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಮಠದ ಅಜ್ಜಾರು ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು.

“ಅಬ್ಬಾ! ಇಷ್ಟು ಬೇಗ ಹಣ್ಣಾಗಿಬಿಟ್ಟೆಯಾ ತಮ್ಮಾ? ನನಗೆ ಈ ವಯಸ್ಸಿನಲ್ಲೂ ಸಾರಿಗೆ ಉಪ್ಪು ಕಡಿಮೆಯಾದರೆ ಸಿಟ್ಟು ಬರುತ್ತದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಅಡವಯ್ಯ ಕೂತ. ಅಜ್ಜಾರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಮದ್ದಳೆಯ ಒಡಲು ಕೆತ್ತುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಅವನ ತಂಗಿಯನ್ನು ಒಬ್ಬ ಮದ್ದಳೆಗಾರನಿಗೆ ಕೊಟ್ಟಿದ್ದರು. ಬಯಲಾಟದ ಮೇಳದಲ್ಲಿ ಬಾರಿಸುವುದು ಬಿಟ್ಟರೆ ಆ ಮದ್ದಳೆಗಾರನಿಗೆ ಬೇರೆ ಕಸುಬು ಗೊತ್ತಿಲ್ಲ. ಅವನ ಬೆರಳು ಆಡಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವನ ಮದ್ದಳೆ ಮಾತ್ರ ಬಡಗಿಯ ಮನೆಯಿಂದಲೇ ಬರಬೇಕು. ತಂಗಿಗೆ ತವರಿನಿಂದ ಸೀರೆ ಹೋದ ಹಾಗೆ ಮದ್ದಳೆಯೂ ಹೋಗುವುದು ಆ ಮನೆತನದ ರೂಢಿ. ಅಳಿಯನಾದವನು ಬೇರೆಯವರ ಮದ್ದಳೆ ಮುಟ್ಟಿದರೆ ತವರಿಗೆ ಅವಮಾನ.

ಮದ್ದಳೆಯಲ್ಲಿ ಮಾತಾಡುವುದು ಚರ್ಮ ಅಂದುಕೊಂಡಿದ್ದೀಯಾ? ಅರ್ಧ ಮಾತು ಮರದ್ದು. ಹಲಸಿನ ಕೊರಡನ್ನು ನೆರಳಿನಲ್ಲಿಟ್ಟು ಸಾವಕಾಶ ಒಣಗಿಸಬೇಕು. ಆಮೇಲೆ ಒಳಗಿನಿಂದ ಕೆತ್ತುತ್ತ ಬರಬೇಕು. ಗೋಡೆ ದಪ್ಪ ಇರುವ ತನಕ ಮರ ಮುನಿಸಿಕೊಂಡ ಬೀಗರ ಹಾಗೆ ಗುಮ್ಮನೆ ಕೂತಿರುತ್ತದೆ. ತೆಳುವಾಗುತ್ತ ಬಂದಂತೆ ಅದಕ್ಕೆ ಜೀವ ಬರುತ್ತದೆ. ಬೆರಳು ತಾಗಿಸಿದರೆ ಸಾಕು, ಓಗೊಡುತ್ತದೆ. ಅಲ್ಲಿಗೆ ಉಳಿ ಕೆಳಗಿಡಬೇಕು. ಇದೆಲ್ಲ ಬಡಗಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದವನೇ ತಪ್ಪಿದ, ಅದೇ ನನಗೆ ಸಂಕಟ.

ಒಂದು ವರ್ಷ ಮೇಳ ಬೇಗ ಹೊರಟಿತು. ತಂಗಿಯ ಗಂಡ, ಆ ಭಾವನ ಹಳೆಯ ಮದ್ದಳೆ ಸವೆದು ಹೋಗಿತ್ತು. ಮನೆಯಲ್ಲಿದ್ದ ಹಲಸಿನ ಕೊರಡು ಇನ್ನೂ ಹಸಿ. ಬಡಗಿ ಕಾಯಲಿಲ್ಲ. ಒಲೆಯ ಮೇಲಿನ ಅಟ್ಟಕ್ಕೇರಿಸಿ, ಹೊಗೆಯಲ್ಲಿ ಒಣಗಿಸಿ, ಎಂದಿನಂತೆ ತೆಳ್ಳಗೆ ಕೆತ್ತಿ ಕೊಟ್ಟ. ಒಳ್ಳೆಯ ಮದ್ದಳೆಯೇ ಆಯಿತು. ಆದರೆ ಆಟದ ನಡುವೆ, ರಾಣಿಯ ಪಾತ್ರದವನು ಮಗನನ್ನು ಕಳೆದುಕೊಂಡು ಅಳುವ ಪದ ಹಾಡುತ್ತಿದ್ದಾಗ, ಮದ್ದಳೆಯ ಹೊಟ್ಟೆ ಟಪ್ಪೆಂದು ಸೀಳಿತು.

“ಅಯ್ಯೋ ಪಾಪ! ರಾಣಿಯ ದುಃಖ ನೋಡಿ ಮದ್ದಳೆಯ ಎದೆಯೂ ಒಡೆಯಿತು!” ಎಂದು ಮುಂದೆ ಕೂತಿದ್ದವನೊಬ್ಬ ಕೂಗಿದ. ಇಡೀ ಬಯಲು ನಕ್ಕಿತು. ಅಳಬೇಕಾದ ರಾಣಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಮದ್ದಳೆಗಾರ ಕೂಡ ನಕ್ಕು, ಸೀಳಿದ್ದನ್ನು ಪಕ್ಕಕ್ಕಿಟ್ಟು, ತೊಡೆ ತಟ್ಟಿಕೊಂಡೇ ಆ ಪದ ಮುಗಿಸಿದ.

ಬಡಗಿಗೆ ನಗು ಬರಲಿಲ್ಲ. ಜನರ ಸಾಲಿನಲ್ಲಿ ಅವನೂ ಇದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂತೆಯಲ್ಲಿ ಕಂಡವರೆಲ್ಲ “ಏನಪ್ಪಾ, ಯಾರ ಎದೆ ಒಡೆದೆ?” ಎಂದು ಕೇಳತೊಡಗಿದರು. ತಿಂಗಳು ಕಳೆದರೆ ಮರೆತು ಹೋಗುತ್ತಿದ್ದ ಮಾತು ಅದು. ಅವನು ಮರೆಯಲಿಲ್ಲ.

ಸರಿ, ಒಡೆದದ್ದು ಏಕೆ? ಮರ ಹಸಿಯಾಗಿತ್ತು, ಒಡೆಯಿತು. ಆದರೆ ಹಾಗೆಂದರೆ ತನ್ನ ಅವಸರವನ್ನು ಒಪ್ಪಿಕೊಳ್ಳಬೇಕಲ್ಲ! ಗೋಡೆ ತೆಳುವಾದದ್ದೇ ತಪ್ಪು ಎಂದು ಬಡಗಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕತೆ. ಇನ್ನು ನನ್ನ ಮದ್ದಳೆ ಏನೇ ಆದರೂ ಒಡೆಯಬಾರದು ಎಂದು ಹಟ ಹಿಡಿದ. ಹಲಸು ಬಿಟ್ಟು ಜಾಲಿ ತಂದ. ಜಾಲಿ ಎಂದರೆ ಗಾಡಿಯ ಗಾಲಿಗೆ ಹಾಕುವ ಮರ, ಉಳಿಯ ಮೊನೆ ಮುರಿಯುವಷ್ಟು ಗಟ್ಟಿ. ಅದನ್ನೂ ತೆಳು ಮಾಡಲಿಲ್ಲ. ಹೆಬ್ಬೆರಳಿಗಿಂತ ದಪ್ಪ ಗೋಡೆ ಬಿಟ್ಟು, ಚರ್ಮ ಹೊದಿಸಿ, ಬಾರು ಬಿಗಿದು, ಭಾವನ ಮುಂದಿಟ್ಟ. ಅದನ್ನು ಎತ್ತಲಿಕ್ಕೆ ಇನ್ನೊಬ್ಬರು ಬೇಕು.

ಜೋರಾಗಿ ಬಾರಿಸಿದರೆ ಅದರ ಪೆಟ್ಟು ಆಚೆ ಊರಿಗೆ ಕೇಳುತ್ತಿತ್ತು. ಯುದ್ಧದ ಪದಕ್ಕೆ ಜನ ಶಿಳ್ಳೆ ಹೊಡೆದರು. ಬಡಗಿ ಮೀಸೆ ತಿರುವಿದ. ಆದರೆ ಮೆಲ್ಲನೆಯ ಪದ ಬಂದಾಗ ಬೆರಳು ಇಟ್ಟರೆ ಮರ ಮಿಸುಕಾಡುತ್ತಿರಲಿಲ್ಲ. ಬರೀ ಚರ್ಮ ಪಟಪಟ ಅನ್ನುತ್ತಿತ್ತು. ಹಾಡುವವನು ತಿರುಗಿ ತಿರುಗಿ ನೋಡುತ್ತಿದ್ದ. ಅವನಿಗೆ ಆಸರೆ ಸಾಲದು. ಆ ಆಸರೆ ಹುಟ್ಟಿಸಲು ಮದ್ದಳೆಗಾರ ಮೆಲ್ಲನೆಯ ಪದಕ್ಕೂ ಬಲ ಹಾಕಿ ಬಾರಿಸಬೇಕಾಯಿತು. ಬೆಳಗಾಗುವಷ್ಟರಲ್ಲಿ ಬೆರಳು ಬಾತುಕೊಳ್ಳುತ್ತಿತ್ತು.

ಅವನು ಸೌಮ್ಯ ಸ್ವಭಾವದ ಮನುಷ್ಯ. ಒಂದು ದಿನ ಬಡಗಿಯ ಮನೆಗೆ ಬಂದು, ನೀರು ಕುಡಿದು, ಆ ಮಾತು ಈ ಮಾತು ಆಡಿ, ಕೊನೆಗೆ ಹೇಳಿದ.

“ಭಾವ, ಒಳಗೆ ಒಂಚೂರು ಕೆತ್ತಿ ಕೊಡುತ್ತೀಯಾ? ಕರೆದರೆ ಓ ಅನ್ನುವುದಿಲ್ಲ ಅದು.”

“ಕೆತ್ತಿದರೆ ಒಡೆಯುತ್ತದೆ. ಮತ್ತೆ ಊರವರ ಮುಂದೆ ನನ್ನ ಮಾನ ತೆಗೆಯಬೇಕೆಂದಿದ್ದೀಯಾ? ನೀನೇ ಇನ್ನೊಂದಿಷ್ಟು ಬಲ ಹಾಕು.”

ಮದ್ದಳೆಗಾರ ಎದುರಾಡಲಿಲ್ಲ. ಬೇರೆ ಕಡೆಯಿಂದ ಮದ್ದಳೆ ತರಬಹುದಿತ್ತು, ತರಲಿಲ್ಲ. ತಂದರೆ ಹೆಂಡತಿ ತವರಿನಲ್ಲಿ ತಲೆ ತಗ್ಗಿಸಬೇಕು. ಬೆರಳಿಗೆ ಅರಿಸಿನ, ಎಣ್ಣೆ ಸವರಿಕೊಂಡು ಹೋಗಿ ಬಾರಿಸಿದ. ಒಂದು ಮಾತು, ತಮ್ಮಾ. ಆ ಹೊತ್ತು ಬಡಗಿ ಭಾವನ ಕೈಯನ್ನು ಒಮ್ಮೆ ಹಿಡಿದು ನೋಡಿದ್ದರೆ ಸಾಕಿತ್ತು. ಮದ್ದಳೆಯ ಕಟ್ಟು ಸಡಿಲಾಗಿದೆಯೋ ಎಂದು ಕೇಳಿದ, ಕೈ ಹೇಗಿದೆ ಎಂದು ಕೇಳಲಿಲ್ಲ.

ಮೂರು ಮಳೆಗಾಲ ಕಳೆದವು. ಒಂದು ಮಧ್ಯಾಹ್ನ ತಂಗಿ ಅಳುತ್ತ ಬಂದಳು. ಬಡಗಿ ಉಳಿ ಬಿಟ್ಟು ಎದ್ದ. ಅವನ ಬಾಯಿಂದ ಮೊದಲು ಬಂದ ಮಾತು ಇದು: “ಏನಾಯಿತವ್ವಾ? ಮದ್ದಳೆ ಒಡೆಯಿತಾ?”

“ಮದ್ದಳೆಗೆ ಏನು ಧಾಡಿಯಣ್ಣಾ! ಗುಂಡುಕಲ್ಲಿನ ಹಾಗಿದೆ. ಇವರ ಕೈ ಹೋಯಿತು.”

ಬಡಗಿ ಅವಳ ಬೆನ್ನಿಗೇ ಹೋದ. ಮದ್ದಳೆಗಾರ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಗೆಣ್ಣುಗಳು ಬಾತು, ಬೆರಳುಗಳು ಒಂದು ಕಡೆಗೆ ಸೊಟ್ಟಗಾಗಿ ನಿಂತುಬಿಟ್ಟಿದ್ದವು. ಹೆಂಡತಿ ಮುರಿದು, ಪಲ್ಯ ಅದ್ದಿ, ಬಾಯಿಗಿಟ್ಟಳು. ಮೇಳದವರು ಆಗಲೇ ಬೇರೊಬ್ಬನನ್ನು ಹುಡುಕಿಕೊಂಡಿದ್ದರು. ಮೂಲೆಯಲ್ಲಿ ಮದ್ದಳೆ ಇತ್ತು. ಒಂದು ಗೀರು ಬಿದ್ದಿರಲಿಲ್ಲ.

ಬಡಗಿ ಆ ಮದ್ದಳೆಯನ್ನು ತಿಣುಕುತ್ತ ಒಬ್ಬನೇ ಹೊತ್ತುಕೊಂಡು ಮನೆಗೆ ಬಂದ. ಬಾರು ಬಿಚ್ಚಿದ, ಚರ್ಮ ತೆಗೆದ, ಒಳಗೆ ಉಳಿ ಇಟ್ಟ. ಜಾಲಿ ಸುಲಭಕ್ಕೆ ಬಗ್ಗುತ್ತದೆಯೇ? ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಬಿಡಲಿಲ್ಲ. ಗೋಡೆ ತೆಳುವಾಯಿತು. ಮತ್ತೆ ಚರ್ಮ ಹೊದಿಸಿ ಬೆರಳು ತಾಗಿಸಿದ. ಹಲಸಿನಷ್ಟು ಇಂಪಲ್ಲ, ಆದರೂ ಮರ ಓಗೊಟ್ಟಿತು. ಎಲ್ಲಿಯೂ ಸೀಳಲಿಲ್ಲ. ಅಷ್ಟು ವರ್ಷ ಅವನು ಹೆದರಿದ್ದ ಆ ಬಿರುಕು ಬರಲೇ ಇಲ್ಲ. ಬಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಅದನ್ನು ಒಯ್ದು ಭಾವನ ತೊಡೆಯ ಮೇಲಿಟ್ಟ. “ಈಗ ಮುಟ್ಟಿದರೆ ಸಾಕು, ಭಾವ. ಮಾತಾಡುತ್ತದೆ” ಎಂದ.

ಮದ್ದಳೆಗಾರ ಕೈ ಎತ್ತಿದ. ಬೆರಳು ಅವನ ಮಾತು ಕೇಳಲಿಲ್ಲ. ಮುಂಗೈಯಿಂದ ಚರ್ಮವನ್ನು ಒಮ್ಮೆ ತಟ್ಟಿ, ಕಿವಿಯನ್ನು ಮರಕ್ಕಿಟ್ಟು, ನಾದ ಪೂರ್ತಿ ಅಡಗುವ ತನಕ ಕೇಳಿದ. ಅವನ ಮುಖ ಅರಳಿತು ನೋಡು, ಬಡಗಿಗೆ ಅದನ್ನು ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

“ಚಲೋ ಆಗಿದೆ ಭಾವ” ಎಂದ ಮದ್ದಳೆಗಾರ. “ಯಾರಾದರೂ ಬಾರಿಸುವವರಿಗೆ ಕೊಡು.”

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ ಜನ. ಅನ್ನುವವರಿಗೇನು, ಅಂದು ಎದ್ದು ಹೋಗುತ್ತಾರೆ. ಬಡಗಿ ಮಾತ್ರ ಆ ಬಾಗಿಲಲ್ಲೇ ಕೂತು, ಗಂಡಸು ಎನ್ನುವ ನಾಚಿಕೆ ಬಿಟ್ಟು ಅತ್ತ. ತಂಗಿಯೇ ಬಂದು ಅವನ ಬೆನ್ನು ಸವರಬೇಕಾಯಿತು.

ಅಜ್ಜಾರು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು. ಅಡವಯ್ಯ ಕತೆ ಮುಗಿಯಿತೆಂದು ಖಚಿತ ಮಾಡಿಕೊಂಡು, ಬಾಯಿ ತೆರೆದ.

“ಆದರೆ ಅಜ್ಜಾರ, ಅದು ಮರದ ಮಾತಾಯಿತು. ನಾನು ಕೇಳಿದ್ದು ಮನಸ್ಸಿನ ವಿಷಯ. ನನ್ನ ಮನಸ್ಸು ಈಗ ಯಾವ ಪೆಟ್ಟಿಗೂ ಒಡೆಯುವುದಿಲ್ಲವಲ್ಲ, ಅದು ತಪ್ಪೇ?”

ಅಜ್ಜಾರು ಅವನ ಮುಖವನ್ನೇ ನೋಡಿದರು. ಅವರ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

“ನೀನು ಒಡೆದಿಲ್ಲ, ಅದನ್ನು ಕಂಡೆ. ಆದರೆ ಮೊನ್ನೆ ಬಂದು ನಿನ್ನ ಕೋಣೆಯ ಬಾಗಿಲು ಬಡಿದು ಬಡಿದು ಹಿಂದಕ್ಕೆ ಹೋದಳಲ್ಲ ನಿಮ್ಮವ್ವ, ಆಕೆಯ ಕೈ ಹೇಗಿದೆ?”