ಮೊದಲ ದಿನದ ಚಿತ್ರ

“ಸರ್, ಪ್ಲಾನ್ ಒಮ್ಮೆ ಸರಿಯಾಗಿ ಮಾಡಿಟ್ಟ ಮೇಲೆ ದಿನಾ ರೋಗಿಯನ್ನು ಸ್ಕ್ಯಾನ್ ಮಾಡಿ ಒಳಗೆ ನೋಡುವುದೇಕೆ? ಮೈಮೇಲಿನ ಚುಕ್ಕೆ ಸರಿಹೊಂದಿದರೆ ಸಾಲದೇ?”

ಹೀಗೆ ಕೇಳಿದವನು ಭಾರ್ಗವ. ಜನ ಕರೆಂಟ್ ಕೊಡುವುದು ಎನ್ನುತ್ತಾರಲ್ಲ, ಕ್ಯಾನ್ಸರಿನ ಆ ವಿಕಿರಣ ಚಿಕಿತ್ಸೆಯನ್ನು ಕಲಿಯಲು ಬಂದ ಕಿರಿಯ ವೈದ್ಯ. ಕೇಳಿದ್ದು ತನ್ನ ಗುರುಗಳಾದ ಡಾಕ್ಟರ್ ಚೆನ್ನವೀರಯ್ಯನವರನ್ನು. ಹೊರಗೆ ಬೆಂಚಿನ ಮೇಲೆ ಪ್ರಾಸ್ಟೇಟ್ ಕ್ಯಾನ್ಸರಿನ ಹಿರಿಯರೊಬ್ಬರು ಕಾದಿದ್ದರು. ಅವರ ಹಿಂದೆ ಸಾಲು ಬೆಳೆದಿತ್ತು. ಇವತ್ತೊಂದು ದಿನ ಸ್ಕ್ಯಾನ್ ಬಿಟ್ಟು ಬೇಗ ಮುಗಿಸೋಣ ಎಂಬುದು ಭಾರ್ಗವನ ಆಸೆ.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಬೈಗುಳ ಖಂಡಿತ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

“ಸಾಲದೇ ಅಂದೆಯಾ? ಕೂತುಕೋ ಮಹಾರಾಯ. ಒಬ್ಬ ನೇಕಾರನ ಕತೆ ಹೇಳುತ್ತೇನೆ, ಕೇಳು.

“ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಕುಳಿಮಗ್ಗದವನು. ನೆಲದಲ್ಲಿ ತೋಡಿದ ಕುಳಿಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಕೂತರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಕೂರದಿದ್ದರೆ ಇಲ್ಲ. ಅವನಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಆಯಿತು. ಪಟ್ಟಣದ ಒಬ್ಬ ವೈದ್ಯನ ಬಳಿ ಹೋದ. ದೊಡ್ಡ ವೈದ್ಯ, ದೊಡ್ಡ ಯಂತ್ರ. ನೇಕಾರ ಸಾಯುವ ಬದುಕುವ ಮಾತನ್ನೇ ಎತ್ತಲಿಲ್ಲ. ಒಂದೇ ಒಂದು ಕೇಳಿದ. ‘ಸಾಹೇಬ್ರ, ಕರೆಂಟ್ ಕೊಟ್ಟ ಮ್ಯಾಲೆ ಮತ್ತ ಮಗ್ಗಕ್ಕ ಕುಂದರಬಹುದೇನ್ರಿ?’ ‘ಧಾರಾಳವಾಗಿ’ ಎಂದ ವೈದ್ಯ.

“ಮೊದಲ ದಿನ ಎಲ್ಲವೂ ಸರಿಯಾಗಿ ನಡೆಯಿತು. ನೇಕಾರ ಹಿಂದಿನ ದಿನವೇ ಬಂದು ಪಟ್ಟಣದಲ್ಲಿ ಉಳಿದಿದ್ದ. ಹೇಳಿದಷ್ಟು ನೀರು ಕುಡಿದು ಮಲಗಿದ. ಸ್ಕ್ಯಾನ್ ತೆಗೆದರು. ತುಂಬಿದ ಮೂತ್ರಕೋಶ ಕರುಳನ್ನು ಮೇಲೆತ್ತಿ ಹಿಡಿದಿತ್ತು. ಗ್ರಂಥಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ತನ್ನ ಜಾಗದಲ್ಲಿ ಕೂತಿತ್ತು. ವೈದ್ಯ ಆ ಚಿತ್ರವನ್ನು ಮುಂದಿಟ್ಟುಕೊಂಡು ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಗೆರೆ ಎಳೆದ. ಚೆನ್ನಾಗಿಯೇ ಎಳೆದ, ಅದರಲ್ಲಿ ನಾನು ಹುಳುಕು ಹುಡುಕುವುದಿಲ್ಲ. ದಿನಾ ಅದೇ ಜಾಗಕ್ಕೆ ಮಲಗಿಸಲು ಗುರುತು ಬೇಕಲ್ಲ, ಸೊಂಟದ ಮೇಲೆ ಸೂಜಿಯಿಂದ ಹಚ್ಚೆಯ ಚುಕ್ಕೆ ಇಟ್ಟರು. ‘ನನ್ನ ಹೆಂಡ್ತಿ ಕೈತುಂಬ ಹಚ್ಚಿ ಹಾಕಿಸ್ಕೊಂಡಾಳ್ರಿ, ನನಗ ಈ ವಯಸ್ಸಿಗೆ ಬಂತು ನೋಡ್ರಿ’ ಎಂದು ನೇಕಾರ ನಕ್ಕ.

“ಚಿಕಿತ್ಸೆ ಶುರುವಾದ ಮೇಲೆ ಅವನು ದಿನಾ ತನ್ನ ಊರಿನಿಂದ ಬಸ್ಸಿನಲ್ಲಿ ಬಂದು ಹೋಗತೊಡಗಿದ. ನೀರು ಕುಡಿದು ಬಾ ಎಂದಿದ್ದರು. ಕುಡಿದೇ ಬಸ್ ಹತ್ತಿದ. ದೂರದ ದಾರಿ. ಅರ್ಧ ದಾರಿಗೆ ತಡೆಯಲಾಗಲಿಲ್ಲ. ಬಸ್ ನಿಲ್ಲಿಸಿ ಎಂದು ಕಂಡಕ್ಟರನ ಮುಂದೆ ಅಂಗಲಾಚಿದ. ‘ಒಳ್ಳೆ ಕಿರಿಕಿರಿ ಆತಲ್ಲೋ ಯಜ್ಜಾ ನಿಂದು’ ಎಂದು ಗೊಣಗಿ ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಧೋತರ ಒದ್ದೆಯಾಗಿತ್ತು. ಹೆಂಗಸರು ಮಕ್ಕಳು ತುಂಬಿದ್ದ ಬಸ್ಸು. ಎಲ್ಲರೂ ನೋಡಿದರು. ಮರುದಿನದಿಂದ ನೇಕಾರ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುತ್ತಿದ್ದ, ಅಷ್ಟೇ. ಒಂದು ಹನಿ ಗಂಟಲಿಗೆ ಇಳಿಸುತ್ತಿರಲಿಲ್ಲ. ಆಸ್ಪತ್ರೆಗೆ ಬಂದು ಕುಡಿಯೋಣವೆಂದರೆ, ಬಸ್ ಇಳಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಹೆಸರು ಕೂಗುತ್ತಿದ್ದರು. ಮಾನ ದೊಡ್ಡದಲ್ಲವೇನಯ್ಯಾ? ನಿಮ್ಮ ತಂದೆಯಾಗಿದ್ದರೂ ಹಾಗೆಯೇ ಮಾಡುತ್ತಿದ್ದರು.

“ಈಗ ಹೊಟ್ಟೆಯೊಳಗೆ ಏನಾಯಿತು? ಮೂತ್ರಕೋಶ ಬರಿದಾಯಿತು. ಕರುಳು ಕೆಳಕ್ಕೆ, ಕಿರಣ ಬೀಳುವ ಜಾಗಕ್ಕೆ ಜಾರಿತು. ಗ್ರಂಥಿ ಮೊದಲ ದಿನದ ಜಾಗ ಬಿಟ್ಟು ಕೊಂಚ ಸರಿಯಿತು. ಅದೇನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ದೇವರ ಪಟವೇ? ಚರ್ಮದ ಮೇಲಿನ ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು. ವೈದ್ಯನ ಕಡೆಯವರು ಚುಕ್ಕೆ ನೋಡಿದರು, ಸರಿ ಇದೆ ಎಂದರು, ಗುಂಡಿ ಒತ್ತಿದರು. ‘ನೀರು ಕುಡಿದಿದ್ದೀಯಲ್ಲ?’ ಎಂದು ದಿನಾ ಕೇಳುತ್ತಲೂ ಇದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ. ಮಲಗಿಸಿದಲ್ಲೇ ಸ್ಕ್ಯಾನ್ ಮಾಡಿ ಒಳಗಿನದನ್ನು ತೋರಿಸುವ ಸೌಕರ್ಯ ಆ ಯಂತ್ರದಲ್ಲಿಯೇ ಇತ್ತು. ಕೆಲವೇ ನಿಮಿಷದ ಕೆಲಸ. ನೋಡಿದ್ದರೆ ಅವನನ್ನು ಎಬ್ಬಿಸಿ, ನೀರು ಕೊಟ್ಟು, ಹೊರಗೆ ಕೂರಿಸಿ ಆಮೇಲೆ ಕರೆಯುತ್ತಿದ್ದರು. ಆಗಲೂ ಗ್ರಂಥಿ ಸ್ವಲ್ಪ ಸರಿದಿದ್ದರೆ ಅವನು ಮಲಗಿದ ಹಲಗೆಯನ್ನು ಅಷ್ಟೇ ಸರಿಸಿ ಗುರಿ ಸರಿಮಾಡುತ್ತಿದ್ದರು. ಆದರೆ ‘ಸಾಲು ದೊಡ್ಡದಿದೆ, ಮೊದಲ ದಿನದ ಚಿತ್ರ ಸಾಕು’ ಎಂದು ವೈದ್ಯ ಅಪ್ಪಣೆ ಕೊಡಿಸಿಬಿಟ್ಟಿದ್ದ. ಸಾಕಂತೆ! ಯಾರ ಮನೆ ಹಾಳಾದರೆ ಇವನಿಗೇನು?

“ಒಂದು ದಿನ ನೇಕಾರನಿಗೇ ಅಳುಕಾಯಿತು. ಮಲಗಿದಲ್ಲಿಂದಲೇ ಬಾಯಿ ತೆರೆದ. ‘ಸಾಹೇಬ್ರ, ನಾ ನೀರು...’ ‘ಮಾತಾಡಬೇಡ ಅಜ್ಜ, ಅಲುಗಾಡಬೇಡ’ ಎಂದರು. ಪಾಪ, ಬಾಯಿ ಮುಚ್ಚಿದ. ಉಸಿರನ್ನೂ ಮೆಲ್ಲಗೆ ಬಿಟ್ಟ. ಹೇಳಿದ ಮಾತು ಕೇಳುವ ಮನುಷ್ಯ ಅವನು.

“ಚಿಕಿತ್ಸೆ ಮುಗಿಯಿತು. ರಕ್ತಪರೀಕ್ಷೆಯಲ್ಲಿ ಕ್ಯಾನ್ಸರ್ ಇಳಿದಿತ್ತು. ವೈದ್ಯ ಬೆನ್ನು ತಟ್ಟಿ ಕಳಿಸಿದ. ಕೆಲವು ತಿಂಗಳಾದ ಮೇಲೆ ಮಲದಲ್ಲಿ ರಕ್ತ ಕಾಣಿಸಿತು. ಮಗ್ಗಕ್ಕೆ ಕೂತರೆ ಜೀವ ಹೋಗುವಂಥ ನೋವು. ಕೂತ ಗಳಿಗೆಗೆ ಏಳಬೇಕು, ಹಿತ್ತಲಿಗೆ ಓಡಬೇಕು. ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು ಆಸ್ಪತ್ರೆಗೆ ಬಂದ. ಆಗ ತೆಗೆದರು ನೋಡು ಸ್ಕ್ಯಾನ್, ಒಂದಲ್ಲ ಎರಡಲ್ಲ! ಗುದದ್ವಾರದಿಂದ ಕೊಳವೆ ತೂರಿಸಿಯೂ ನೋಡಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕಿರಣ ಬಿದ್ದು ಕರುಳು ಸುಟ್ಟಿತ್ತು.

“ಆಗ ನೇಕಾರ ನೀರಿನ ಸಂಗತಿಯನ್ನು ಪೂರ್ತಿ ಹೇಳಿದ. ಬಸ್ಸನ್ನೂ ಹೇಳಿದ, ಧೋತರವನ್ನೂ ಹೇಳಿದ. ವೈದ್ಯ ಏನು ಮಾಡಬೇಕಿತ್ತು? ತಲೆ ತಗ್ಗಿಸಬೇಕಿತ್ತು. ಅದು ಬಿಟ್ಟು ಮೊದಲ ದಿನದ ಚಿತ್ರವನ್ನು ತೆರೆದು ತೋರಿಸಿದ. ‘ನೋಡು, ನಮ್ಮ ಗೆರೆ ಕರಾರುವಾಕ್ಕಾಗಿದೆ. ನೀನು ನೀರು ಕುಡಿಯದೆ ಬಂದರೆ ನಾವೇನು ಮಾಡೋಣ? ಮೊದಲೇ ಹೇಳಬೇಕಿತ್ತು’ ಎಂದ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ! ಇದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬಾಯಿ ತೆರೆದವನಿಗೆ ಮಾತಾಡಬೇಡ ಎಂದವರು ಇವರೇ. ಕಣ್ಣು ತೆರೆದು ನೋಡದವರೂ ಇವರೇ.

“ನೇಕಾರ ಜಗಳವಾಡಲಿಲ್ಲ. ಕೈಮುಗಿದು ಊರಿಗೆ ಹೋದ. ಮಗ್ಗದ ಕುಳಿಗೆ ಹಲಗೆ ಮುಚ್ಚಿದ. ಈಗ ಎಲ್ಲರೂ ಊಟಕ್ಕೆ ಕೂತಾಗ ಅವನು ಕಂಬಕ್ಕೆ ಒರಗಿ ನಿಂತು ಉಣ್ಣುತ್ತಾನೆ.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಭಾರ್ಗವ ಅಷ್ಟಕ್ಕೇ ಬಿಡಲಿಲ್ಲ.

“ವೈದ್ಯರದೇ ತಪ್ಪು ಸರ್, ಒಪ್ಪುತ್ತೇನೆ. ಆದರೂ ಅವನು ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲವೇ?”

ಗುರುಗಳು ಕನ್ನಡಕ ಹಾಕಿಕೊಂಡು ಬಾಗಿಲ ಕಡೆ ಕೈ ತೋರಿಸಿದರು.

“ಹೊರಗೆ ನಿನ್ನ ರೋಗಿ ಕೂತಿದ್ದಾರೆ, ಅವರು ಇವತ್ತು ನೀರು ಕುಡಿದಿದ್ದಾರೋ ಇಲ್ಲವೋ ಅವರ ಚುಕ್ಕೆಯನ್ನು ಕೇಳಿಕೊಂಡು ಬಂದು ನನಗೆ ಹೇಳು.”

ಭಾರ್ಗವ ಎದ್ದು ಹೋಗಿ ಹಿರಿಯರನ್ನು ಸ್ಕ್ಯಾನಿಗೆ ಕರೆದ.